ಕಾರ್ಬುರೇಟರ್ ಬದಲಿಸೋದು ಕೊನೆಯ ಕೆಲಸ

ಸ್ಟಾರ್ಟ್ ಆಗದ ಮಣ್ಣು ಉಳುವ ಹಳೇ ಪೆಟ್ರೋಲ್ ಟಿಲ್ಲರ್‌ಗೆ ಮೊದಲು ಹೊಸ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಹಾಕಿಸಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಇದು ಸುಮ್ಮನೆ ದುಡ್ಡು ದಂಡ. ಹಗ್ಗ ನಾಲ್ಕೈದು ಸಲ ಎಳೆದು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ, ಒದ್ದೆಯಾಗಿದ್ದರೆ ಕಿಡಿಯನ್ನು ಪರೀಕ್ಷಿಸಿ. ಹೋಂಡಾ ಜಿಎಕ್ಸ್ 160 ಮಾದರಿಯ ಎಂಜಿನ್‌ನಲ್ಲಿ ಪ್ಲಗ್ ಗ್ಯಾಪ್ (ಕಿಡಿ ಹಾರುವ ತುದಿಯ ಸಂದು) 0.7ರಿಂದ 0.8 ಮಿ.ಮೀ. ಇರಬೇಕು. ಆಯಿಲ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಆಯಿಲ್ ಇಳಿದರೂ ಕಿಡಿ ನಿಲ್ಲುತ್ತದೆ, ಇದನ್ನು ಎಷ್ಟೋ ಮೆಕ್ಯಾನಿಕ್‌ಗಳೇ ನೋಡೋದಿಲ್ಲ.

ಚೋಕ್ (ಗಾಳಿ ಕಡಿಮೆ ಮಾಡುವ ಲಿವರ್) ಎಳೆದಾಗ ಮಾತ್ರ ಓಡಿ, ಬಿಟ್ಟ ಕೂಡಲೇ ನಿಂತರೆ ಕಾರ್ಬುರೇಟರ್‌ನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಕಟ್ಟಿದೆ ಅಂತಲೇ ಲೆಕ್ಕ. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಅಡಿಯ ಪೆಟ್ರೋಲ್ ನಿಲ್ಲುವ ಬೌಲ್‌ನ ತಳದ 10ರ ಸ್ಪ್ಯಾನರ್ ಹಿಡಿಯುವ ಬೋಲ್ಟ್ ಬಿಚ್ಚಿ. ಒಳಗಿನ ಹಿತ್ತಾಳೆ ಜೆಟ್ ತೆಗೆದರೆ ಅದರ ಹಿಂದೆಯೇ ಸಣ್ಣ ಕೊಳವೆಯೊಂದು ಜಾರಿ ಬರುತ್ತದೆ. ಅದರ ಪಕ್ಕದ ತೂತುಗಳೂ ಕಟ್ಟಿರುತ್ತವೆ, ಬರೀ ಜೆಟ್ ಊದಿದರೆ ಸಾಲದು. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಬಿಡಿ. ಸೂಜಿ ಮಾತ್ರ ತೂರಿಸಬೇಡಿ, ತೂತು ದೊಡ್ಡದಾದರೆ ಆಮೇಲೆ ಕಪ್ಪು ಹೊಗೆ.

ಗೇರ್‌ಬಾಕ್ಸ್ ಬಗ್ಗೆ ಲೇಖನದಲ್ಲಿ ಚಕಾರವಿಲ್ಲ! ಅಡಿಕೆ ತೋಟದಲ್ಲಿ ಹುಲ್ಲು, ನೈಲಾನ್ ಹಗ್ಗ ಬ್ಲೇಡ್ ತಿರುಗಿಸುವ ಶಾಫ್ಟ್‌ಗೆ ಸುತ್ತಿಕೊಂಡು ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ಬಳೆ) ಕೊಯ್ಯುತ್ತವೆ, ಗೇರ್ ಆಯಿಲ್ ಸೋರಿ ಹೋಗುತ್ತದೆ. ಪ್ಲಗ್ ವೈರ್ ಕಿತ್ತು, ಬ್ಲೇಡ್ ಕಳಚಿ ಅದನ್ನೆಲ್ಲ ಬಿಡಿಸಿ. ಮತ್ತೆ ಜೋಡಿಸುವಾಗ ಬ್ಲೇಡ್‌ನ ಹರಿತದ ಬದಿ ಸುತ್ತುವ ದಿಕ್ಕಿಗೇ ಇರಲಿ. ಎಡ-ಬಲ ಅದಲುಬದಲಾದರೆ ಮಣ್ಣು ಕೊಯ್ಯದೆ ಗಾಡಿ ಕುಣಿಯುತ್ತದೆ.