ಸತ್ಯಾಂಶ: ಬಯೋಸ್ಟ್ಯಾಟಿಸ್ಟಿಕ್ಸ್ ಓದಲು ಗಣಿತ ಬೇಡವೇ?

ಬಯೋಸ್ಟ್ಯಾಟಿಸ್ಟಿಕ್ಸ್ ಎಂದರೆ ಆರೋಗ್ಯ ಮತ್ತು ಜೀವವಿಜ್ಞಾನದ ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರದಿಂದ ವಿಶ್ಲೇಷಿಸುವ ವಿಷಯ. ‘ಬಯೋಸ್ಟ್ಯಾಟಿಸ್ಟಿಕ್ಸ್ ಪದವಿಗೆ ಗಣಿತ ಬೇಡ, ಜೀವಶಾಸ್ತ್ರ ಗೊತ್ತಿದ್ದರೆ ಸಾಕು, ಲೆಕ್ಕವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದೆ’ ಎನ್ನುವ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನಂಬಿ ಸೇರಿದ ವಿದ್ಯಾರ್ಥಿ ಮೊದಲ ವರ್ಷವೇ ಕಂಗಾಲಾಗಬಹುದು.

ಗಣಿತದ ಶಾಖೆಗಳಾದ ಕಲನಶಾಸ್ತ್ರ (ಕ್ಯಾಲ್ಕ್ಯುಲಸ್), ಸಂಭವನೀಯತೆ, ರೇಖೀಯ ಬೀಜಗಣಿತ ಈ ಓದಿನ ಬುನಾದಿ. ಜೀವಶಾಸ್ತ್ರ ಬೇಕು, ನಿಜ. ಆದರೆ ಅದು ಗಣಿತದ ಜಾಗ ತುಂಬುವುದಿಲ್ಲ.

ಸಾಫ್ಟ್‌ವೇರ್ ಲೆಕ್ಕ ಮಾಡುತ್ತದೆ ಎಂಬುದೂ ಸರಿಯೇ. ಯಾವ ಲೆಕ್ಕ ಮಾಡಬೇಕೆಂದು ಹೇಳುವವರು ಯಾರು? 1986ರಲ್ಲಿ ಪ್ರಕಟವಾದ ಮೂತ್ರಪಿಂಡದ ಕಲ್ಲಿನ ಅಧ್ಯಯನವೊಂದನ್ನು ನೋಡಿ. ತೆರೆದ ಶಸ್ತ್ರಚಿಕಿತ್ಸೆ 350 ಜನರಲ್ಲಿ 273 ಮಂದಿಗೆ ಫಲಿಸಿತು, ಅಂದರೆ ಶೇ 78. ಸಣ್ಣ ರಂಧ್ರದ ಮೂಲಕ ಕಲ್ಲು ತೆಗೆಯುವ ವಿಧಾನ 350ರಲ್ಲಿ 289 ಮಂದಿಗೆ, ಶೇ 83. ಎರಡನೆಯದೇ ಮೇಲು ಅನಿಸುತ್ತದೆ. ಕಲ್ಲಿನ ಗಾತ್ರದ ಪ್ರಕಾರ ಬೇರ್ಪಡಿಸಿದರೆ ಚಿತ್ರವೇ ತಿರುಗುತ್ತದೆ: ಸಣ್ಣ ಕಲ್ಲಿಗೆ ಶೇ 93 ಮತ್ತು 87, ದೊಡ್ಡ ಕಲ್ಲಿಗೆ ಶೇ 73 ಮತ್ತು 69. ಎರಡರಲ್ಲೂ ತೆರೆದ ಶಸ್ತ್ರಚಿಕಿತ್ಸೆಯೇ ಮುಂದು! ಕಷ್ಟದ, ದೊಡ್ಡ ಕಲ್ಲಿನ ರೋಗಿಗಳು ಹೆಚ್ಚಾಗಿ ಅದಕ್ಕೇ ಹೋಗಿದ್ದರಿಂದ ಒಟ್ಟು ಅಂಕಿ ದಾರಿ ತಪ್ಪಿಸಿತು. ಗಾತ್ರ ನೋಡಬೇಕೆಂದು ಸಾಫ್ಟ್‌ವೇರ್‌ಗೆ ತಾನಾಗಿ ಹೊಳೆಯುವುದಿಲ್ಲ. ಈ ಓದು ಕಲಿಸುವುದು ಆ ಪ್ರಶ್ನೆ ಕೇಳುವುದನ್ನೇ, ನನಗೆ ಇದರಲ್ಲಿ ಅತ್ಯಂತ ಇಷ್ಟವಾಗುವುದೂ ಅದೇ.

ಇನ್ನೊಂದು ಮಾತು: ಅನೇಕ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಸ್ನಾತಕೋತ್ತರ ಹಂತದಲ್ಲಷ್ಟೇ ಇರುತ್ತದೆ. ಪದವಿಯಲ್ಲಿ ಸಂಖ್ಯಾಶಾಸ್ತ್ರ ಅಥವಾ ಗಣಿತ ಓದಿದವರಿಗೂ ಆ ಬಾಗಿಲು ತೆರೆದಿರುತ್ತದೆ. ಸೇರುವ ಮೊದಲು ಪಠ್ಯಕ್ರಮದಲ್ಲಿ ಗಣಿತದ ಪತ್ರಿಕೆಗಳು ಎಷ್ಟಿವೆ ಎಂದು ನೋಡಿಕೊಳ್ಳಿ.