ಕಾಮಾಲೆ ಬಂದ ಮೂರು ಮೀನು

ಅಕ್ಕನ ಗೃಹಪ್ರವೇಶಕ್ಕೆ ಆಯಿಲ್ ಪೇಂಟಿಂಗ್ ಮಾಡಿಕೊಡುತ್ತೇನೆ ಅಂತ ಯಾರೂ ಕೇಳದೆ ನಾನೇ ಒಪ್ಪಿಕೊಂಡಿದ್ದೆ. ಭಾವ ತಕ್ಷಣ, "ಕೋಯಿ ಮೀನು ಬರಿ. ಎಂಟು ಕೆಂಪು, ಒಂದು ಕಪ್ಪು. ಮನೆಗೆ ಒಳ್ಳೇದಂತೆ" ಎಂದರು. ಕ್ಯಾಡ್ಮಿಯಂ ಕೆಂಪಿನ ಒಂದು ಟ್ಯೂಬಿನ ಬೆಲೆ ನೋಡಿದ ಮೇಲೆ ಒಂಬತ್ತು ಮೂರಾಯಿತು. ರಾತ್ರಿ ಹೊತ್ತಿನ ಕೊಳ, ಕಪ್ಪು ನೀರು, ಹೊಟ್ಟೆಯೊಳಗೆ ದೀಪ ಹಚ್ಚಿಟ್ಟ ಹಾಗೆ ಹೊಳೆಯುವ ಮೀನು. ತಲೆಯೊಳಗೆ ಬಹಳ ಚೆನ್ನಾಗಿತ್ತು.

ಹಗಲು ಆಫೀಸು, ಸಂಜೆ ಮಗಳ ಹೋಮ್‌ವರ್ಕು, ಬ್ರಷ್ ಹಿಡಿಯುವಾಗ ರಾತ್ರಿ 11. ಹಾಲ್‌ನಲ್ಲಿ ಹಳದಿ ಬಲ್ಬು. ಎಡವಟ್ಟಾಗಿದ್ದು ಇಲ್ಲೇ. ಹಳದಿ ಬೆಳಕಲ್ಲಿ ಹಳದಿ ಬಣ್ಣ ಹೆಚ್ಚುಕಮ್ಮಿ ಬಿಳಿಯ ಹಾಗೇ ಕಾಣುತ್ತದೆ, ಸಾಲದು ಸಾಲದು ಅಂತ ಮೆತ್ತುತ್ತಾ ಹೋದೆ. ನೀಲಿ ಮಂಕಾಗುತ್ತದೆ, ಅದಕ್ಕೂ ಇನ್ನಷ್ಟು. ಬೆಳಗ್ಗೆ ಕಿಟಕಿ ತೆಗೆದು ನೋಡಿದರೆ ಸ್ವಿಮಿಂಗ್ ಪೂಲಿನಲ್ಲಿ ಕಾಮಾಲೆ ಬಂದ ಮೂರು ಮೀನು. ಅಮ್ಮ ಕಾಫಿ ಲೋಟ ಹಿಡಿದು ಸ್ವಲ್ಪ ಹೊತ್ತು ನಿಂತು, "ಪರಂಗಿ ಹಣ್ಣು ಚೆನ್ನಾಗಿ ಬಂದಿದೆ ಕಣೇ" ಎಂದರು.

ಈ ಕೋಯಿ ಮೂಲತಃ ಜಪಾನಿನ ನಿಗಾಟ ಕಡೆಯ ಭತ್ತದ ರೈತರು ಊಟಕ್ಕೆಂದು ಸಾಕಿದ ಮೀನು. ನಡುವೆ ಬಣ್ಣದವು ಹುಟ್ಟಿದಾಗ ತಿನ್ನದೆ ಉಳಿಸಿಕೊಂಡು ತಳಿ ಮಾಡಿದರು, 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನದಲ್ಲಿ ಇಟ್ಟರು. ನನ್ನ ಮೂರನ್ನು ನೋಡಿದ್ದರೆ ಸೀದಾ ಸಾರಿಗೆ ಹಾಕುತ್ತಿದ್ದರು.

ಎರಡನೇ ರಾತ್ರಿ ಹೊಳಪು ಬರಲಿ ಅಂತ ಬಿಳಿ ಬೆರೆಸಿದೆ. ಕೆಂಪು ಹೋಗಿ ಹಳೇ ಬಾತ್‌ರೂಮ್ ಟೈಲ್ಸಿನ ಗುಲಾಬಿ ಬಂತು. ಮೂರನೇ ರಾತ್ರಿ ಎಲ್ಲವನ್ನೂ ನೈಫಿನಲ್ಲಿ ಕೆರೆದೆ. ಬಲ್ಬ್ ಬದಲಾಯಿಸಿ, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಕಂದು ಸೇರಿಸಿ ನೀರನ್ನು ಕಾಡಿಗೆಯಷ್ಟು ಕಪ್ಪು ಮಾಡಿದೆ. ಮೀನಿಗೆ ಬರೀ ಕಿತ್ತಳೆ, ಬೆನ್ನ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ. ಹೊಳೆಯಿತು! ಮೀನಿನಲ್ಲಿ ಏನೂ ಇಲ್ಲ, ಸುತ್ತ ಕತ್ತಲೆ ಇದೆ ಅಷ್ಟೇ. ಸುಮ್ನೆ ಎರಡು ರಾತ್ರಿ ನಿದ್ದೆಗೆಟ್ಟೆ.

ಆದರೆ ಹೊಳೆಯುವುದು ಮೀನೋ ಬಲ್ಬೋ ಅಂತ ಹುಳಗಳಿಗೆ ಗೊತ್ತಾಗುವುದಿಲ್ಲ ಅಲ್ವಾ. ಬೆಳಗ್ಗೆ ಹದಿನಾಲ್ಕು ಅಂಟಿಕೊಂಡಿದ್ದವು. ಚಿಮುಟದಲ್ಲಿ ಒಂದೊಂದೇ ಕಿತ್ತೆ. ಒಂದರ ಕಾಲು ಮೀನಿನ ಬಾಯಿಯ ಹತ್ತಿರವೇ ಉಳಿಯಿತು. ಕೋಯಿಗೆ ಹೇಗೂ ಮೀಸೆ ಇರುತ್ತದೆ, ಬಿಟ್ಟೆ.

ಇನ್ನು ಒಣಗುವ ಕಥೆ. ಎಣ್ಣೆ ಬಣ್ಣ ನೀರಿನ ಬಣ್ಣದ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ದಪ್ಪಗೆ ಬಳಿದಿದ್ದರೆ ವಾರಗಟ್ಟಲೆ. ಗೃಹಪ್ರವೇಶಕ್ಕೆ ಇದ್ದಿದ್ದು ನಾಲ್ಕು ದಿನ. ಅಮ್ಮ, "ತಾರಸಿ ಮೇಲೆ ಸಂಡಿಗೆ ಇಟ್ಟಿದೀನಿ, ಪಕ್ಕದಲ್ಲಿ ಇದನ್ನೂ ಇಡು" ಎಂದರು. ಇಟ್ಟೆ. ಸಂಡಿಗೆ ಒಣಗಿತು.

ಹಸಿಯಾಗಿಯೇ ಒಯ್ದೆ. "ಯಾರೂ ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದೆ. ಅದನ್ನು ಓದಲು ಭಾವ ಹತ್ತಿರ ಬಂದು ಬಗ್ಗಿದರು. ಫೋಟೋಗಳಲ್ಲೆಲ್ಲ ಅವರ ರೇಷ್ಮೆ ಪಂಚೆಯ ಮೇಲೆ ಒಂದು ಕಿತ್ತಳೆ ಬಾಲ ಇದೆ. ಕ್ಯಾನ್ವಾಸಿನದಕ್ಕಿಂತ ಅದೇ ಜಾಸ್ತಿ ಹೊಳೆಯುತ್ತಿದೆ.