ಮನೆ ಬೆಲ್ಲ, ಮಂಡಿ ಬೆಲ್ಲ

ಮಂಡ್ಯದ ಹತ್ತಿರ ಒಂದು ಆಲೆಮನೆಗೆ ಹೋಗಿದ್ದೆ. ಜೊತೆಗೆ ಅಕ್ಕನ ಮಗ. ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡಿದ್ದಾನೆ, ಹಾಗಾಗಿ ಯಾವುದಕ್ಕೂ ಆಶ್ಚರ್ಯಪಡುವುದಿಲ್ಲ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆಲೆಮನೆಯವನು ಒಂದು ಹಿಡಿ ಬಿಳಿ ಪುಡಿ ಎರಚಿದ. ಹೈಡ್ರೋಸ್, ಬಣ್ಣ ತಿಳಿ ಮಾಡೋ ರಾಸಾಯನಿಕ. ಕಪ್ಪಗಿದ್ದ ಪಾಕ ನೋಡ್ತಾ ನೋಡ್ತಾ ಅರಿಶಿನ ಹಚ್ಚಿದ ಮದುಮಗಳ ಹಾಗಾಯಿತು. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬೇರೆ ಹತ್ತು ಅಚ್ಚು ಇದ್ದವು. ಕಪ್ಪು ಬೆಲ್ಲ.

“ಅದು ಮನೆಗೆ ಕಣಣ್ಣ. ಬೆಂಡೆಗಿಡದ ಲೋಳೆ ಹಾಕಿ ಮಾಡಿರೋದು. ಇದು ಮಂಡಿಗೆ. ಬಣ್ಣ ಇಲ್ದಿದ್ರೆ ಅವ್ರು ಮುಟ್ಟಕಿಲ್ಲ.”

“ಇದು ಸರೀನೇನೋ?” ಅಂತ ಅಳಿಯನನ್ನು ಕೇಳಿದೆ.

“ಸರಿ ತಪ್ಪು ನಮ್ಮ ಸಬ್ಜೆಕ್ಟ್ ಅಲ್ಲ ಮಾವ. ಗ್ರಾಹಕ ಹಳದಿ ಕೇಳ್ತಾನೆ, ಇವರು ಕೊಡ್ತಾರೆ. ನಮ್ಮದು ವಿಜ್ಞಾನ.”

ಹುಡುಗನ ತಪ್ಪಲ್ಲ ಬಿಡಿ. 1932ರಲ್ಲೇ ಲಂಡನ್ನಿನ ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸ್ ಅರ್ಥಶಾಸ್ತ್ರಕ್ಕೂ ನೀತಿಗೂ ಪಾಲು ಮಾಡಿ ನಡುವೆ ಬೇಲಿ ಹಾಕಿದರು. ಏನಿದೆ ಅನ್ನೋದು ಅರ್ಥಶಾಸ್ತ್ರಕ್ಕೆ, ಏನಿರಬೇಕು ಅನ್ನೋದು ನೀತಿಗೆ. ಆದರೆ ಈ ಮನೆತನದ ಹಿರಿಯ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದದ್ದೇ ನೀತಿಶಾಸ್ತ್ರ. ಸಂಪತ್ತಿನ ಪುಸ್ತಕ ಬಂದದ್ದು 1776ರಲ್ಲಿ. ನೀತಿಯ ಪುಸ್ತಕ ಅದಕ್ಕೂ 17 ವರ್ಷ ಮೊದಲೇ ಬಂದಿತ್ತು. ಮೊಮ್ಮಕ್ಕಳು ಒಂದನ್ನು ನಡುಮನೆಯಲ್ಲಿಟ್ಟರು, ಇನ್ನೊಂದನ್ನು ಅಟ್ಟಕ್ಕೆ ಹಾಕಿದರು. ಅಮರ್ತ್ಯ ಸೇನ್ ಅಟ್ಟ ಹತ್ತಿ ಅದನ್ನು ಕೆಳಗಿಳಿಸಿದರು. 1998ರಲ್ಲಿ ಅವರಿಗೆ ನೊಬೆಲ್ ಹಾರ ಹಾಕಿ, ಪುಸ್ತಕವನ್ನು ಸುಮ್ನೆ ವಾಪಸ್ ಅಟ್ಟಕ್ಕೇ ಇಟ್ಟರು. (ಅರ್ಥಶಾಸ್ತ್ರದ ಬಹುಮಾನ ನೊಬೆಲ್ ಬರೆದಿಟ್ಟ ಉಯಿಲಿನಲ್ಲಿ ಇರಲೇ ಇಲ್ಲ. ಸ್ವೀಡನ್ನಿನ ಸೆಂಟ್ರಲ್ ಬ್ಯಾಂಕ್ 1968ರಲ್ಲಿ ಸೇರಿಸಿದ್ದು. ವಿಜ್ಞಾನದ ಬಣ್ಣ ಬರಲು ಅಲ್ಲೂ ಒಂದು ಹಿಡಿ ಹೈಡ್ರೋಸ್ ಬೇಕಾಯಿತು.)

ನಾನೂ ಬಿಡಲಿಲ್ಲ. “ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಸಂಸ್ಕೃತ ಪಂಡಿತ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲೇ, ಮೈಸೂರಲ್ಲಿ. ಕಾಳು, ಎಣ್ಣೆ, ಉಪ್ಪಿಗೆ ಅದೇ ಬಣ್ಣದ ಬೇರೇನಾದರೂ ಬೆರೆಸಿದರೆ 12 ಪಣ ದಂಡ ಅಂತ ಅದರಲ್ಲಿದೆ. ಹೆಸರಲ್ಲೇ ಅರ್ಥಶಾಸ್ತ್ರ ಇದೆಯಲ್ಲೋ!”

“ಅದು ಪೊಲಿಟಿಕಲ್ ಸೈನ್ಸ್ ಡಿಪಾರ್ಟ್‌ಮೆಂಟ್ ಮಾವ.”

ಒಲೆಯಿಂದ ಹಳೇ ಟೈರಿನ ಹೊಗೆ ಎದ್ದು ಪಕ್ಕದ ಕೇರಿ ಕಡೆಗೆ ಹೋಗುತ್ತಿತ್ತು. ಅದಕ್ಕೂ ಅರ್ಥಶಾಸ್ತ್ರದವರ ಪುಸ್ತಕದಲ್ಲಿ ಒಂದು ಹೆಸರಿದೆ, ಬಾಹ್ಯ ಪರಿಣಾಮ ಅಂತ. ಕೇರಿಯವರು ಅದನ್ನು ಕೆಮ್ಮು ಅಂತಾರೆ.

ಹೊರಡುವಾಗ ಅಳಿಯ ಹಿಂದೆ ಉಳಿದ. ತಿರುಗಿ ನೋಡಿದರೆ ಗೋಣಿಚೀಲದ ಹತ್ತಿರ ಬಗ್ಗಿ ನಿಂತಿದ್ದಾನೆ.

“ಅಣ್ಣ, ಇದ್ರಲ್ಲಿ ಎರಡು ಅಚ್ಚು ಕೊಡಿ. ಮನೆಗೆ.”